ಮಂಚದ ಮೇಲಿನ ನಾರ್ಮಲ್ ರಿಪೋರ್ಟು

ನನ್ನ ತಮ್ಮನ ಮಗಳು ಎದೆಗೆ ಮಿಷಿನ್ನು ಕಟ್ಟಿಸಿಕೊಂಡು ಮೈಸೂರಿನಿಂದ ಸಿಂಧಘಟ್ಟಕ್ಕೆ ಬಂದ ದಿನ, ಅವಳನ್ನು ನೋಡಿಕೊಂಡು ಹೋಗಲು ಬೀದಿಗೆ ಬೀದಿಯೇ ಬಂದಿತ್ತು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಬ್ರೆಡ್ಡು, ಬನ್ನು, ಮೂಸಂಬಿ, ಎಳನೀರು, ಬಿಸ್ಕತ್ತಿನ ಪೊಟ್ಟಣ, ಎಲ್ಲವೂ ನಡುಮನೆಯ ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದವು. ನಮ್ಮ ಕಡೆ ಯಾರಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದರೆ ಸಾಕು, ಹೋಗಿ ನೋಡಿಕೊಂಡು ಬರಲೇಬೇಕು. ಹೋಗದಿದ್ದರೆ ಆ ಮಾತು ಮುಂದಿನ ಮದುವೆಮನೆಯವರೆಗೂ ಬಂದು ನಿಲ್ಲುತ್ತದೆ. ನೋಡಲು ಬಂದವರ ಎದುರು ರೋಗಿ ಎದ್ದು ಓಡಾಡುವುದೂ ಮರ್ಯಾದೆಯಲ್ಲ. ಹಣ್ಣು ಹಿಡಿದು ಬಂದವರಿಗೆ ರೋಗಿಯೇ ಕಾಫಿ ತಂದು ಕೊಟ್ಟರೆ ಹೇಗಿರುತ್ತದೆ? ಹಾಗಾಗಿ ಅವಳನ್ನು ಮಂಚದ ಮೇಲೆ ಮಲಗಿಸಿ, ಕುತ್ತಿಗೆಯವರೆಗೆ ಹೊದಿಸಿ, ತಲೆದಿಂಬಿನ ಪಕ್ಕ ಒಂದು ನಿಂಬೆಹಣ್ಣು ಇಟ್ಟಿದ್ದರು.

ಸಂಜೆ ಕೆಲಸ ಮುಗಿಸಿಕೊಂಡು ನಾನೂ ಹೋಗಿದ್ದೆ. ಬಾಬುರಾಯನಕೊಪ್ಪಲಿನಿಂದ ಹೊರಟು, ಬಸ್ಸು ಬದಲಾಯಿಸಿ, ಚೀಲದಲ್ಲಿ ಮೂಸಂಬಿ ಹೊತ್ತುಕೊಂಡೇ ಹೋಗಿದ್ದೆ. ಅವಳ ಎದೆಗೆ ಅಲ್ಲಲ್ಲಿ ಬಿಲ್ಲೆ ಅಂಟಿಸಿ, ಅದರಿಂದ ವೈರು ಎಳೆದು, ಸೊಂಟದ ಹತ್ತಿರ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಡಬ್ಬಿಯೊಂದಕ್ಕೆ ಸೇರಿಸಿದ್ದರು. ಅದಕ್ಕೆ ಹೋಲ್ಟರ್ ಎನ್ನುತ್ತಾರೆ. ಹಗಲು ರಾತ್ರಿ ಹೃದಯದ ಬಡಿತವನ್ನು ಒಂದೂ ಬಿಡದೆ ಅದು ಬರೆದಿಟ್ಟುಕೊಳ್ಳುತ್ತದೆ.

"ಒಳಗೆ ಕರೆಂಟು ಅರೀತದಂತಾ?" ಎಂದು ಪಕ್ಕದ ಮನೆಯಾಕೆ ದೂರದಲ್ಲೇ ನಿಂತು ಕೇಳಿದಳು.

"ಅಲ್ಲಾಡ್ಬ್ಯಾಡ ಮಗಾ, ವೈರು ಕಿತ್ಕೊಂಡ್ಬುಟ್ರೆ ಮತ್ತೆ ಮೈಸೂರ್ಗೆ ಓಗ್ಬೇಕಾಯ್ತದೆ" ಎಂದಳು ತಮ್ಮನ ಹೆಂಡತಿ.

"ಅವ್ವಾ, ಬಚ್ಚಲ್ಗಾದ್ರೂ ಎದ್ದೋಗ್ಲಾ?" ಎಂದಳು ಹುಡುಗಿ. ತಾಯಿ ಅವಳ ತೋಳು ಹಿಡಿದು, ತುಂಬು ಬಸುರಿಯನ್ನು ನಡೆಸಿದ ಹಾಗೆ ಬಚ್ಚಲಿಗೆ ನಡೆಸಿಕೊಂಡು ಹೋಗಿ, ಹಾಗೇ ವಾಪಸು ತಂದು ಮಲಗಿಸಿದಳು. ನಾನು ಮೂಸಂಬಿ ಸುಲಿದು ಅವಳ ಬಾಯಿಗೆ ಇಟ್ಟೆ. ಆಗ ನನಗೂ ಏನೂ ಹೊಳೆದಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ನನ್ನ ತಮ್ಮ. ಅವನಿಗೆ ಸಾಯುವ ವಯಸ್ಸಾಗಿರಲಿಲ್ಲ, ಸಾಯುವ ಲಕ್ಷಣವೂ ಇರಲಿಲ್ಲ. ಕಬ್ಬು ತುಂಬಿದ ಟ್ರಾಕ್ಟರಿನ ಚಕ್ರ ಕೆಸರಿನಲ್ಲಿ ಹೂತುಕೊಂಡಿತ್ತು. ನಾಲ್ಕು ಜನರ ಜೊತೆ ತಾನೂ ಹೆಗಲು ಕೊಟ್ಟು ತಳ್ಳಿದ. ಚಕ್ರ ಮೇಲೆ ಬಂತು, ಇವನು ಕೆಳಗೆ ಬಿದ್ದ. ರಸ್ತೆಯಲ್ಲಿ ಆದ ಸಾವು ಎಂದು ಪೊಲೀಸರು ಬಂದರು, ಪೋಸ್ಟ್‌ಮಾರ್ಟಂ ಆಯಿತು. ಆಗದೆ ಇದ್ದಿದ್ದರೆ "ಗ್ಯಾಸು ಎದೆಗೆ ಹೊಡೀತು" ಎಂದುಕೊಂಡು ನಾವೆಲ್ಲ ಸುಮ್ಮನಾಗುತ್ತಿದ್ದೆವು. ನಮ್ಮಪ್ಪ ಗದ್ದೆಯ ಬದುವಿನ ಮೇಲೆ ಕುಸಿದಾಗಲೂ ಹಾಗೇ ಅಂದುಕೊಂಡಿದ್ದೆವು. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇವರ ಹೃದಯದ ಗೋಡೆ ಬಹಳ ದಪ್ಪ ಇದೆ, ಇದು ವಂಶದಲ್ಲಿ ಹರಿದು ಬರುವ ಕಾಯಿಲೆ ಇರಬಹುದು, ಮಕ್ಕಳಿಗೆ ಒಡಹುಟ್ಟಿದವರಿಗೆ ಪರೀಕ್ಷೆ ಮಾಡಿಸಿ ಎಂದರು. ನನ್ನನ್ನೇ ಯಾಕೆ ಕರೆದರೋ ತಿಳಿಯದು. ಅಳದೆ ನಿಂತಿದ್ದವಳು ನಾನೊಬ್ಬಳೇ ಇದ್ದೆನೇನೋ.

ನಾನು ಶ್ರೀರಂಗಪಟ್ಟಣದ ಹತ್ತಿರ ಪ್ರೈಮರಿ ಶಾಲೆಯ ಟೀಚರು. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಒಂದನೇ ಕ್ಲಾಸಿನ ಮಕ್ಕಳಿಂದ ಹಿಡಿದು ನನ್ನ ಗಂಡನವರೆಗೆ ಎಲ್ಲರೂ ಹೇಳುತ್ತಾರೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ನನಗೆ ಅನ್ನ ಸೇರುವುದಿಲ್ಲ. ತಿಥಿ ಮುಗಿದದ್ದೇ ತಡ, ತಮ್ಮನ ಮಗಳನ್ನು ಕರೆದುಕೊಂಡು ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದೆ. ಅವನಿಗೆ ಇದ್ದದ್ದು ಅವಳೊಬ್ಬಳೇ ಮಗಳು. ಇಬ್ಬರಿಗೂ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗು, ಮಾಡಿದರು. ನನ್ನ ಹೃದಯದಲ್ಲಿ ಏನೂ ದೋಷವಿರಲಿಲ್ಲ. ಅವಳದರಲ್ಲಿ ಗೋಡೆ ದಪ್ಪ ಇತ್ತು.

ಪರದೆಯ ಮೇಲೆ ನನ್ನ ಹೃದಯ ತನ್ನ ಪಾಡಿಗೆ ತಾನು ಹೊಡೆದುಕೊಳ್ಳುವುದನ್ನು ನೋಡುತ್ತಾ ನನಗೆ ನಾಚಿಕೆಯಾಯಿತು. ಅಪ್ಪನಿಂದ ನನಗೆ ಬರಬಹುದಾಗಿದ್ದದ್ದು ನನ್ನನ್ನು ಬಿಟ್ಟು ತಮ್ಮನಿಗೆ ಹೋಗಿ, ಅವನಿಂದ ಈ ಹುಡುಗಿಗೆ ಇಳಿದಿತ್ತು. ನಾನು ಯಾವ ಪುಣ್ಯವನ್ನೂ ಮಾಡಿದವಳಲ್ಲ. ಆವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಇವಳನ್ನು ಅವನ ಹಾಗೆ ನಡುರಸ್ತೆಯಲ್ಲಿ ಬೀಳಲು ಬಿಡುವುದಿಲ್ಲ ಎಂದು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರ ಮಾಡದೆ ಬಿಡಿಸಿ ಹೇಳಿದರು. "ದಪ್ಪ ಗೋಡೆ ಇರೋರೆಲ್ಲ ಬೀಳಲ್ಲ. ಎಷ್ಟೋ ಜನ ಮೊಮ್ಮಕ್ಕಳ ಮದುವೆ ಮಾಡ್ಕೊಂಡು ಆರಾಮಾಗಿರ್ತಾರೆ. ಕೆಲವರಲ್ಲಿ ಮಾತ್ರ ಹೃದಯದ ಲಯ ಇದ್ದಕ್ಕಿದ್ದ ಹಾಗೆ ಕೆಟ್ಟುಬಿಡುತ್ತೆ. ಯಾರಿಗೆ ಹಾಗಾಗಬಹುದು ಅಂತ ಮೊದಲೇ ಅಂದಾಜು ಮಾಡೋದೇ ಕಷ್ಟದ ಕೆಲಸ. ಗೋಡೆ ಎಷ್ಟು ದಪ್ಪ ಇದೆ, ಮನೇಲಿ ಹಠಾತ್ತಾಗಿ ಯಾರು ಹೋಗಿದ್ದಾರೆ, ಇವರು ಎಲ್ಲಾದರೂ ತಲೆ ತಿರುಗಿ ಬಿದ್ದಿದ್ದಾರಾ, ದಿನದಲ್ಲಿ ಲಯ ಎಲ್ಲಾದರೂ ತಪ್ಪುತ್ತಾ, ಎಲ್ಲಾ ಸೇರಿಸಿ ನೋಡಬೇಕು." ಆ ಕೊನೆಯದನ್ನು ತಿಳಿಯಲು ಮಿಷಿನ್ನು ಕಟ್ಟಬೇಕು, ಅದಕ್ಕೆ ಬೇರೊಂದು ದಿನ ಬನ್ನಿ, ಅಲ್ಲಿಯವರೆಗೆ ಓಟ ಬೇಡ ಎಂದರು.

ಓಟ ಬೇಡ ಎಂದದ್ದೇ ಹುಡುಗಿಯ ಮುಖ ಬಾಡಿತು. ಅವಳು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆ ಬರೆದು ಪಾಸಾಗಿದ್ದಳು. ಇನ್ನು ಉಳಿದಿದ್ದದ್ದು ದೇಹದಾರ್ಢ್ಯದ ಪರೀಕ್ಷೆ. ಅದಕ್ಕಾಗಿ ದಿನಾ ಬೆಳಿಗ್ಗೆ ಊರಿನ ಕೆರೆ ಏರಿಯ ಮೇಲೆ ಓಡುತ್ತಿದ್ದಳು. ಅಪ್ಪ ಇದ್ದಾಗ ಅವನೇ ಬೈಕಿನಲ್ಲಿ ಹಿಂದೆ ಹಿಂದೆ ಬಂದು, "ಎತ್ತಾಕು ಕಾಲ್ನ, ಎತ್ತಾಕು" ಎಂದು ಕೂಗುತ್ತಿದ್ದನಂತೆ.

ಮಿಷಿನ್ನು ಕಟ್ಟುವ ದಿನ ನನಗೆ ಶಾಲೆಯಲ್ಲಿ ಪರೀಕ್ಷೆ ಇತ್ತು, ರಜೆ ಸಿಗಲಿಲ್ಲ. ಅವಳ ಸೋದರಮಾವ ನಾಗಮಂಗಲದಲ್ಲಿ ಸರ್ಕಾರಿ ಕೆಲಸದಲ್ಲಿರುವವರು. ಅವರು ತಾಯಿ ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕಟ್ಟಿಸಿಕೊಂಡು ಬಂದರು. ಮಾರನೆಯ ದಿನ ಬಿಚ್ಚಿಸಿದ್ದೂ ಅವರೇ. ಆಮೇಲೆ ಹೋಗಿ ರಿಪೋರ್ಟು ತಂದವರೂ ಅವರೇ. ಆ ದಿನ ಡಾಕ್ಟರು ಇರಲಿಲ್ಲ, ಮುಂದಿನ ವಾರ ತೋರಿಸಿ ಎಂದು ಕೌಂಟರಿನಲ್ಲಿ ಹೇಳಿ ಕಳಿಸಿದ್ದರು. ಮಾವ ಬಸ್ಸಿನಲ್ಲೇ ಲಕೋಟೆ ತೆಗೆದು ಓದಿ, ನನಗೆ ಫೋನು ಮಾಡಿದರು.

"ಟೀಚರಮ್ಮ, ಎಲ್ಲಾ ನಾರ್ಮಲ್ಲು! ಲಯಗಿಯ ಏನೂ ತಪ್ಪಿಲ್ಲ. ನಿಮ್ ತಮ್ಮನ್ ಮಗಳು ಗಟ್ಟಿಗಿತ್ತಿ ಕಣ್ರೀ!"

ನನಗೆ ಸಂತೋಷದಿಂದ ಕಣ್ಣು ಮಂಜಾದವು. ಶಾಲೆಯ ಜಗುಲಿಯ ಮೇಲೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಸಂಜೆ ಅವರ ಮನೆಯಲ್ಲಿ ಕೋಳಿ ಕುಯ್ದರಂತೆ. ಮಾರನೆಯ ದಿನದಿಂದಲೇ ಹುಡುಗಿ ಮತ್ತೆ ಏರಿಯ ಮೇಲೆ ಓಡಲು ಶುರು ಮಾಡಿದಳಂತೆ.

ಅದಾಗಿ ಎರಡು ದಿನಕ್ಕೆ ನಾನು ಯಾವುದೋ ಕೆಲಸಕ್ಕೆ ಪಾಂಡವಪುರಕ್ಕೆ ಹೋಗಿದ್ದೆ. ವಾಪಸು ಬರುವಾಗ ಬಸ್ಸು ಹೊರಟುಬಿಟ್ಟಿತ್ತು. ಸೀರೆ ಎತ್ತಿ ಹಿಡಿದು, ಚೀಲ ಕಂಕುಳಲ್ಲಿ ಇರುಕಿ, "ಹೋಲ್ಡಾನ್ ಹೋಲ್ಡಾನ್" ಎಂದು ಕೂಗುತ್ತಾ ಓಡಿ ಹತ್ತಿಕೊಂಡೆ. ಸೀಟಿನಲ್ಲಿ ಕೂತಮೇಲೂ ಎದೆ ಡಬಡಬ ಎಂದು ಹೊಡೆದುಕೊಳ್ಳುತ್ತಲೇ ಇತ್ತು. ಆಗ ನನಗೆ ಸಿಂಧಘಟ್ಟದ ಆ ಮಂಚ ನೆನಪಿಗೆ ಬಂತು. ಆ ಹೊದಿಕೆ, ಆ ನಿಂಬೆಹಣ್ಣು, ಬಚ್ಚಲಿಗೆ ಕೈ ಹಿಡಿದು ನಡೆಸಿದ್ದು. ಮಿಷಿನ್ನು ಕಟ್ಟಿದ್ದ ಹೊತ್ತಿನಲ್ಲಿ ಅವಳ ಎದೆ ಒಂದು ಸಲವಾದರೂ ಹೀಗೆ ಹೊಡೆದುಕೊಂಡಿತ್ತೇ? ಒಂದು ಬಿಂದಿಗೆ ನೀರಾದರೂ ಎತ್ತಿದ್ದಳೇ? ನಾವೆಲ್ಲ ಸೇರಿ ಅವಳಿಗೆ ಪರೀಕ್ಷೆಯನ್ನೇ ಬರೆಯಲು ಬಿಡದೆ ನೂರಕ್ಕೆ ನೂರು ಕೊಡಿಸಿದ್ದೆವು. ಆ ಅಂಕ ನಂಬಿಕೊಂಡು ಅವಳೀಗ ಓಡುತ್ತಿದ್ದಾಳೆ.

ಬಸ್ಸಿನಿಂದಲೇ ತಮ್ಮನ ಹೆಂಡತಿಗೆ ಫೋನು ಮಾಡಿದೆ. ಅವಳು ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು.

"ಏನತ್ತಿಗೆ ಇಂಗಂತೀರಾ? ನನ್ ಮಗ್ಳು ಚೆನ್ನಾಗವ್ಳೆ ಅಂತ ಬಂದದಲ್ಲ, ಅದು ನಿಮ್ಗೆ ಬ್ಯಾಡ್ವಾ? ಅವ್ರಪ್ಪ ಓಗಿದ್ದು ಸಾಲ್ದಾ?"

"ಸಾಲ್ದು ಅಂತ ಯಾರಂದ್ರು? ಸಾಕಾಗಿರೋದ್ಕೇ ಯೋಳ್ತಿರೋದು ಕಣಮ್ಮಿ. ಓಟ ನಿಲ್ಸು ಮೊದ್ಲು" ಎಂದೆ. ಅವಳು ಫೋನು ಇಟ್ಟಳು. ನಾಗಮಂಗಲದ ಮಾವನಿಗೆ ಮಾಡಿದೆ. "ಮಿಷಿನ್ಗಿಂತ ನಿಮ್ಗೆ ಜಾಸ್ತಿ ಗೊತ್ತಾ ಟೀಚರಮ್ಮ?" ಎಂದು ಅವರು ಬಹಳ ಮರ್ಯಾದೆಯಿಂದಲೇ ಕೇಳಿದರು. ಮಿಷಿನ್ನಿಗೆ ಏನೂ ಗೊತ್ತಿರಲಿಲ್ಲ, ಅದು ಮಂಚದ ಮೇಲಿತ್ತು ಎಂದು ಹೇಳಲು ಹೋದೆ. ಅಷ್ಟರಲ್ಲಿ ಯಾರೋ ಬಂದರೆಂದು ಅವರು ಫೋನು ಇಟ್ಟರು.

ಯಾರನ್ನೂ ಕೇಳುವುದು ಬೇಡ ಎಂದುಕೊಂಡು ಮಾರನೆಯ ದಿನ ಅರ್ಧ ರಜೆ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಡಾಕ್ಟರು ಕಂಪ್ಯೂಟರಿನಲ್ಲಿ ಹುಡುಗಿಯ ರಿಪೋರ್ಟು ತೆಗೆದು ಬಹಳ ಹೊತ್ತು ನೋಡಿದರು. "ಇವರು ಆವತ್ತು ಏನು ಮಾಡ್ತಿದ್ರು? ಹಗಲಿಗೂ ರಾತ್ರಿಗೂ ವ್ಯತ್ಯಾಸವೇ ಇಲ್ಲವಲ್ಲ" ಎಂದರು. ನಾನು ಬ್ರೆಡ್ಡು ಮೂಸಂಬಿಯ ಸಂಗತಿಯನ್ನೆಲ್ಲ ಹೇಳಿದೆ. ಅವರಿಗೆ ನಗು ಬಂತು, ತಡೆದುಕೊಂಡರು. "ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ ಅಂತ ಅವರಿಗೆ ಹೇಳಿ ಕಳಿಸಿದ್ವಿ. ಮಲಗೋಕೆ ಹೇಳಿರಲಿಲ್ಲ. ಇದರ ಮೇಲೆ ನಾನು ಏನೂ ಹೇಳಕ್ಕಾಗಲ್ಲ, ಇನ್ನೊಂದು ಸಲ ಕಟ್ಟಬೇಕು, ಈ ಸಲ ಎರಡು ದಿನ ಇರಲಿ."

"ನಾನು ಓಡಿಸ್ಲಾ ಡಾಕ್ಟ್ರೇ, ಚೆನ್ನಾಗಿ ಗೊತ್ತಾಗೋ ಹಾಗೆ?"

"ಖಂಡಿತಾ ಬೇಡ. ಓಡಿಸಿ ನೋಡೋದಿದ್ರೆ ನಮ್ಮ ಕಣ್ಣೆದುರಿಗೆ, ಇಲ್ಲೇ. ನೀವು ಮನೇಲಿ ಎಂದಿನ ಕೆಲಸ ಮಾಡಿಸಿ ಸಾಕು. ಸದ್ಯಕ್ಕೆ ಅವರ ಓಟ ನಿಲ್ಲಿಸೋದು ಮುಖ್ಯ."

ನಿಲ್ಲಿಸುವುದು ಹೇಗೆ? ಹುಡುಗಿ ನನ್ನ ಫೋನು ಎತ್ತುತ್ತಿರಲಿಲ್ಲ. ಶನಿವಾರ ಶಾಲೆ ಬಿಟ್ಟವಳೇ ಕೆ.ಆರ್. ಪೇಟೆಯ ಬಸ್ಸು ಹತ್ತಿ ಸಿಂಧಘಟ್ಟಕ್ಕೆ ಹೋದೆ. ತಮ್ಮನ ಹೆಂಡತಿ ಊಟಕ್ಕಿಟ್ಟಳು, ಮಾತಾಡಲಿಲ್ಲ. ಹುಡುಗಿ ಮಲಗುವ ಕೋಣೆಯಿಂದ ಹೊರಗೇ ಬರಲಿಲ್ಲ. ನಾನು ಬೆಳಗಿನ ಜಾವ ಅವಳಿಗಿಂತ ಮೊದಲೇ ಎದ್ದು, ಶಾಲು ಸುತ್ತಿಕೊಂಡು, ಕೆರೆ ಏರಿಯ ನಡುವೆ ಹೋಗಿ ನಿಂತೆ.

ಬೆಳಕು ಹರಿಯುವ ಹೊತ್ತಿಗೆ ಅವಳು ಬಂದಳು. ಅವಳಪ್ಪನದೇ ಧಾಟಿ, ಭುಜ ಸ್ವಲ್ಪ ಎಡಕ್ಕೆ ವಾಲಿಸಿಕೊಂಡು. ಓಡುತ್ತಾ ಬರುತ್ತಿದ್ದವಳನ್ನು ಕಂಡು ನಾನು ಎರಡೂ ಕೈ ಅಗಲಿಸಿದೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ಗದ್ದೆಯ ಇಳಿಜಾರು. ಅವಳು ನಿಲ್ಲಲೇಬೇಕಾಯಿತು.

"ಅತ್ತೆ, ಪಕ್ಕಕ್ ಬಾ."

"ಬರಲ್ಲ."

"ರಿಪೋರ್ಟು ನಾರ್ಮಲ್ ಬಂದದೆ ಕಣತ್ತೆ."

"ಆ ಮಿಷಿನ್ನು ನೋಡಿದ್ದು ಮಂಚವ, ನಿನ್ನಲ್ಲ. ಮಂಚ ನಾರ್ಮಲ್ಲಾಗೇ ಅದೆ, ಅದ್ಕೇನಾಗೀತು?"

"ಮುಂದಿನ್ ತಿಂಗ್ಳು ನಂಗೆ ಫಿಜಿಕಲ್ಲು. ಈಗ ಬುಟ್ರೆ ಎಲ್ಲಾ ಓಯ್ತದೆ. ಅಪ್ಪ ಇದ್ದಿದ್ರೆ ಓಡು ಅನ್ನೋರು."

"ಅನ್ನೋನು. ಅವ್ನಿಗೂ ಯಾರೂ ಬ್ಯಾಡ ಅನ್ನೋರು ಇರ್ಲಿಲ್ಲ. ಅದ್ಕೇ ಇವತ್ತಿಲ್ಲ."

ಹೇಳಬಾರದ ಮಾತೇನೋ. ಆದರೆ ಹೇಳಿದೆ, ಮತ್ತೆ ಹೇಳಬೇಕಾದರೂ ಹೇಳುತ್ತೇನೆ. ಅವಳು ಏರಿಯ ಕಲ್ಲಿನ ಮೇಲೆ ಕೂತು, ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ ಅಷ್ಟೆ.

ಅಳು ನಿಂತ ಮೇಲೆ ಅವಳೇ ಕೇಳಿದಳು. "ಇನ್ನೊಂದ್ ಸಲ ಕಟ್ಟುದ್ರೂ ನಾರ್ಮಲ್ಲೇ ಬಂದ್ರೆ?"

"ಬಂದು, ಡಾಕ್ಟ್ರೂ ಊ ಅಂದ್ರೆ, ನಾನೇ ನಿನ್ನ ಗ್ರೌಂಡಿಗೆ ಕರ್ಕೊಂಡೋಗಿ ನಿನ್ ಚಪ್ಲಿ ಇಡ್ಕೊಂಡು ನಿಂತ್ಕತೀನಿ. ಊರೆಲ್ಲಾ ನೋಡ್ಲಿ."

ಅವಳು ಮೂಗೊರೆಸಿಕೊಂಡು ಎದ್ದಳು. ಮನೆಗೆ ಇಬ್ಬರೂ ನಡೆದುಕೊಂಡೇ ಬಂದೆವು.

ಎರಡನೇ ಸಲ ಮಿಷಿನ್ನು ಕಟ್ಟಿಸಿದ ಮೇಲೆ ಅವಳನ್ನು ಸೀದಾ ಬಾಬುರಾಯನಕೊಪ್ಪಲಿಗೆ, ನನ್ನ ಮನೆಗೆ ಕರೆದುಕೊಂಡು ಬಂದೆ. ಒಬ್ಬರಿಗೂ ಹೇಳಲಿಲ್ಲ. ನನ್ನ ಗಂಡನ ದೊಗಳೆ ಅಂಗಿ ಹಾಕಿಸಿ ವೈರು ಮುಚ್ಚಿದೆ. ಎದುರು ಮನೆಯಾಕೆ ಸೊಂಟದ ಉಬ್ಬು ನೋಡಿ "ಏನ್ ಮಗಾ ಅದು?" ಎಂದಾಗ "ಮೊಬೈಲು ಚಾರ್ಜ್ ಮಾಡೋ ಡಬ್ಬಿ" ಎಂದು ನಾನೇ ಹೇಳಿದೆ. ಟೀಚರು ಸುಳ್ಳು ಹೇಳುತ್ತಾರೆಯೇ ಎಂದು ಆಕೆ ನಂಬಿದಳು. ನಂಬದೆ ಇದ್ದಿದ್ದರೆ ಸಂಜೆಯೊಳಗೆ ನಮ್ಮ ಮನೆಯಲ್ಲೂ ಬ್ರೆಡ್ಡಿನ ಅಂಗಡಿ ತೆರೆಯಬೇಕಾಗುತ್ತಿತ್ತು.

ಅವಳ ಊರಿನ ಮನೆಯಲ್ಲಿ ಅವಳು ದಿನಾ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಮಾಡಿಸಿದೆ. ಕೊಟ್ಟಿಗೆ ಗುಡಿಸಿದಳು, ನೀರು ಹೊತ್ತಳು, ಮುದ್ದೆ ತಿರುವಿದಳು, ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಿ ಬಂದಳು, ಹುಲ್ಲಿನ ಹೊರೆ ತಂದಳು. ನಾನು ಪಕ್ಕದಲ್ಲೇ ಇದ್ದೆ. ಬಾಯಲ್ಲಿ "ಬೇಗ್ ಬೇಗ ಮಾಡು" ಎನ್ನುತ್ತಿದ್ದರೂ ಎಲ್ಲಿ ಕುಸಿದುಬಿಡುತ್ತಾಳೋ ಎಂದು ಅವಳ ಹಿಂದೆ ಹಿಂದೆಯೇ ಹೋಗುತ್ತಿದ್ದೆ. ಅವಳಿಗೆ ನನ್ನ ಅವಸ್ಥೆ ನೋಡಿ ತಮಾಷೆ. "ಅತ್ತೆ, ನೀನೂ ಒಂದ್ ಮಿಷಿನ್ನು ಕಟ್ಕೊ, ನಿಂದೇ ಕೆಟ್ಟದೆ" ಎಂದಳು.

ನಮ್ಮಲ್ಲಿ ಒಂದು ಕೆಂಪು ಹಸು ಇದೆ. ಹಾಲು ಚೆನ್ನಾಗಿ ಕೊಡುತ್ತದೆ, ಅದಕ್ಕೆ ಸರಿಯಾಗಿ ಒದೆಯುತ್ತದೆ. ಎರಡನೇ ದಿನ ಸಂಜೆ ಹುಡುಗಿ ಹಾಲು ಕರೆಯಲು ಕೂತಳು. ಅದು ಹೊಸ ಕೈ ಎಂದು ತಿಳಿದು ಬೀಸಿ ಒದೆಯಿತು. ಪಾತ್ರೆ ಒಂದು ಕಡೆ, ಇವಳು ಒಂದು ಕಡೆ. ನಾನು "ಅಯ್ಯೋ" ಎಂದು ಕಿರುಚಿಕೊಂಡು ಓಡಿದರೆ, ಅವಳು ಸಗಣಿಯ ಮೇಲೆ ಅಂಗಾತ ಬಿದ್ದುಕೊಂಡು, ಒಂದು ಕೈಯಲ್ಲಿ ತೊಡೆ, ಒಂದು ಕೈಯಲ್ಲಿ ಮಿಷಿನ್ನು ಹಿಡಿದು ನಗುತ್ತಿದ್ದಳು. ಎತ್ತಿ ಕೂರಿಸಿದರೂ ನಗು ನಿಲ್ಲಲಿಲ್ಲ. ನನಗೂ ನಗು ಬಂತು. ತಮ್ಮ ಸತ್ತ ಮೇಲೆ ನಾವಿಬ್ಬರೂ ಹಾಗೆ ನಕ್ಕದ್ದು ಅದೇ ಮೊದಲು. ಏನೂ ಆಗಿಲ್ಲ, ಈ ಹುಡುಗಿಗೆ ಏನೂ ಇಲ್ಲ, ನನ್ನದೇ ಹುಚ್ಚು ಎಂದು ಆ ಹೊತ್ತಿನಲ್ಲಿ ನನಗೆ ಪೂರ್ತಿ ನಂಬಿಕೆ ಬಂದುಬಿಟ್ಟಿತು.

ಡಾಕ್ಟರ ಮುಂದೆ ಈ ಸಲ ನಾವೆಲ್ಲ ಕೂತಿದ್ದೆವು. ಹುಡುಗಿ, ಅವಳ ತಾಯಿ, ನಾಗಮಂಗಲದ ಮಾವ, ನಾನು. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಒಂದೇ ಅಳತೆಯ ಗೆರೆ ಸಾಗುತ್ತಾ ಸಾಗುತ್ತಾ ಒಂದು ಕಡೆ ಇದ್ದಕ್ಕಿದ್ದಂತೆ ಅಗಲವಾಗಿ, ಒತ್ತೊತ್ತಾಗಿ, ಬೇರೆ ಯಾರದೋ ಕೈಬರಹದ ಹಾಗೆ ಆಗಿತ್ತು. ಆಮೇಲೆ ಮತ್ತೆ ಮೊದಲಿನಂತೆ. "ಹೃದಯದ ಕೆಳಗಿನ ಕೋಣೆ ಮೇಲಿನವರ ಮಾತು ಕೇಳದೆ ತಾನೇ ಓಡಿರೋದು ಇದು. ತಾನಾಗಿ ನಿಂತಿದೆ. ಎರಡು ದಿನದಲ್ಲಿ ಹೀಗೆ ಕೆಲವು ಸಲ ಆಗಿದೆ. ಒಂದು ಸಲ ನಿದ್ದೆಯಲ್ಲಿ. ಇದು ಎರಡನೇ ದಿನ ಸಂಜೆ. ಆಗ ಏನು ಮಾಡ್ತಿದ್ರಿ ನೀವು?"

ಹುಡುಗಿ ಪರದೆಯ ಮೇಲಿನ ಗಂಟೆ ನೋಡಿದಳು, ನನ್ನ ಮುಖ ನೋಡಿದಳು. "ಹಸು ಒದ್ದಿತ್ತು. ಬಿದ್ದು ನಗ್ತಿದ್ದೆ" ಎಂದಳು.

"ಎದೆಯಲ್ಲಿ ಏನಾದ್ರೂ ಗೊತ್ತಾಯ್ತಾ?"

"ಏನೂ ಇಲ್ಲ. ಚೆನ್ನಾಗಿದ್ದೆ."

ಡಾಕ್ಟರು ಮೆಲ್ಲಗೆ ಮುಂದುವರಿಸಿದರು. ಇಂಥ ದಿನ ಹೀಗೇ ಆಗುತ್ತದೆ ಎಂದು ಯಾರೂ ಹೇಳಲಾರರು, ಆಗದೆಯೂ ಇರಬಹುದು. ಆದರೆ ತಂದೆ ಹೋದ ರೀತಿ, ಗೋಡೆಯ ದಪ್ಪ, ಈಗ ಈ ಗೆರೆ, ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸುಮ್ಮನೆ ಬಿಡುವ ಹಾಗಿಲ್ಲ. ಭುಜದ ಕೆಳಗೆ, ಚರ್ಮದ ಒಳಗೆ ಒಂದು ಚಿಕ್ಕ ಯಂತ್ರ ಇಡುತ್ತೇವೆ, ಲಯ ಕೆಟ್ಟು ತಾನಾಗಿ ನಿಲ್ಲದಿದ್ದರೆ ಅದು ಒಳಗಿನಿಂದಲೇ ಒಂದು ಷಾಕು ಕೊಟ್ಟು ಸರಿ ಮಾಡುತ್ತದೆ. ಮಾತ್ರೆ ದಿನಾ ನುಂಗಬೇಕು. ಪೊಲೀಸ್ ಓಟ ಮಾತ್ರ ಬೇಡ.

ಮಾವ ತಲೆ ತಗ್ಗಿಸಿ ಕೂತಿದ್ದರು. ತಮ್ಮನ ಹೆಂಡತಿ ನನ್ನ ಕೈಯನ್ನು ಹಿಡಿದುಕೊಂಡಳು, ಬಿಡಲಿಲ್ಲ. ಹುಡುಗಿ ಎದ್ದು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ನನ್ನ ಕಡೆ ತಿರುಗದೆ ಹೇಳಿದಳು.

"ನೀನ್ ಸುಮ್ನಿದ್ದಿದ್ರೆ ನಾನು ಪೊಲೀಸಾಗಿರ್ತಿದ್ದೆ ಅತ್ತೆ."

ಅವಳ ಮನಸ್ಸಿನ ಆಸೆಯನ್ನು ಕೆಡವಿದವಳು ನಾನೇ ಎನ್ನುವುದು ನಿಜ. ಆ ಆಸೆ ಸಣ್ಣದೂ ಆಗಿರಲಿಲ್ಲ.

ಯಂತ್ರ ಇಟ್ಟರು. ಗಾಯ ಮಾಗಿತು. ಅವಳು ಕೆ.ಆರ್. ಪೇಟೆಯ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ನನ್ನ ಜೊತೆ ಮಾತು ಬಿಟ್ಟಳು. ಪಿತೃಪಕ್ಷದಲ್ಲಿ ಅವಳ ಅಪ್ಪನಿಗೂ ತಾತನಿಗೂ ಎಡೆ ಇಟ್ಟಾಗ ನಾನು ಹೋಗಿದ್ದೆ. ನನ್ನ ಎಲೆಗೆ ಅವಳೇ ಬಡಿಸಿದಳು, ಮುಖ ಎತ್ತಿ ನೋಡಲಿಲ್ಲ. ಯುಗಾದಿಗೆ ಬೇವು ಬೆಲ್ಲ ಕೊಟ್ಟಳು, ಮಾತಿಲ್ಲ. ತಮ್ಮನ ಹೆಂಡತಿ ಅವಳನ್ನು ಬೈಯಲು ಹೋದರೆ ನಾನೇ ತಡೆಯುತ್ತಿದ್ದೆ. ಒಳಗೊಳಗೆ ಬಹಳ ನೋಯುತ್ತಿತ್ತು. ಆದರೂ ಅವಳು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಓಡಾಡುತ್ತಿರುವುದನ್ನು ಕಂಡು ಬಸ್ಸು ಹತ್ತುವಾಗ ನನಗೆ ನೆಮ್ಮದಿಯೇ ಆಗುತ್ತಿತ್ತು. ಓಡಾಡುತ್ತಿದ್ದಾಳಲ್ಲ ಎಂದು.

ಸುಮ್ಮನೆ ಕೂರುವುದು ನನ್ನಿಂದ ಆಗುವ ಮಾತಲ್ಲ. ನಮ್ಮಪ್ಪನ ಕಡೆಯ ಸಂಬಂಧಿಕರ ಮನೆಗಳಿಗೆಲ್ಲ ಹೋಗಿ, ಒಬ್ಬೊಬ್ಬರನ್ನೇ ಕಾಡಿ, ಬೈದು, ಕೆಲವರನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಎಕೋ ಮಾಡಿಸಿದೆ. ನನ್ನನ್ನು ಕಂಡರೆ ಹಿಂಬಾಗಿಲಿನಿಂದ ಹೊಲಕ್ಕೆ ಹೋಗುವವರೂ ಇದ್ದಾರೆ. ಹೊಲಕ್ಕೂ ಹೋಗಿದ್ದೇನೆ. ಮಿಷಿನ್ನು ಕಟ್ಟಿಸಿಕೊಂಡವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಮಲಗಬೇಡಿ, ಯಾರು ಬಂದರೂ ಎದ್ದು ಕಾಫಿ ಕೊಡಿ.

ಹೋದ ವರ್ಷ ಒಂದು ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳನ್ನು ಊಟಕ್ಕೆ ಸಾಲಾಗಿ ಕೂರಿಸುತ್ತಿದ್ದೆ. ಫೋನು ಬಡಿದುಕೊಂಡಿತು. ನೋಡಿದರೆ ಅವಳ ಹೆಸರು. ಮಾತು ಬಿಟ್ಟವಳು ತಾನಾಗಿ ಫೋನು ಮಾಡಬೇಕಾದರೆ ಏನೋ ಆಗಿರಲೇಬೇಕು. ಅವಳದೇ ಫೋನಿನಿಂದ ಬೇರೆ ಯಾರೋ ಮಾತಾಡಿದರೆ ಏನು ಮಾಡುವುದು ಎನ್ನುವ ಯೋಚನೆ ಬಂದು ಒಂದು ಕ್ಷಣ ಎತ್ತಲು ಧೈರ್ಯವಾಗಲಿಲ್ಲ.

"ಅತ್ತೆ."

ಅವಳದೇ ದನಿ. ಸಣ್ಣಗೆ, ಉಸಿರು ಎಳೆದುಕೊಂಡು.

"ಏನ್ ಮಗಾ? ಎಲ್ಲಿದ್ದೀಯ?"

"ಪೇಟೆ ಬಸ್‌ಸ್ಟ್ಯಾಂಡಲ್ಲಿ. ನಡ್ಕೊಂಡೋಯ್ತಾ ಇದ್ದೆ, ಓಡಿರ್ಲಿಲ್ಲ ಅತ್ತೆ, ಆಣೆಗೂ ಓಡಿರ್ಲಿಲ್ಲ. ಕಣ್ಣು ಕತ್ಲಾಯ್ತು. ಆಮೇಲೆ ಎದೆ ಒಳಗಿಂದ..." ಅವಳು ನಿಲ್ಲಿಸಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ನಿಮ್ಮನೆ ಕೆಂಪಸು ಒದ್ದಂಗೇ ಒದೀತು ಕಣತ್ತೆ."

ಮಕ್ಕಳೆಲ್ಲ ತಟ್ಟೆ ಬಡಿಯುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಈಗ ಎಂಗಿದ್ದೀ?"

"ಕೂತಿವ್ನಿ. ಯಾರೋ ನೀರ್ ಕೊಟ್ರು. ಆಸ್ಪತ್ರೆಗೂ ಫೋನ್ ಮಾಡಿವ್ನಿ, ಬರೋಕೆ ಯೋಳವ್ರೆ. ಅತ್ತೆ, ನೀನ್ ಬತ್ತೀಯಾ?"

"ಅಲ್ಲೇ ಕೂತಿರು. ಎದ್ದೇಳ್ಬ್ಯಾಡ. ಬತ್ತಾ ಇವ್ನಿ" ಎಂದೆ.

ಪಕ್ಕದ ಕ್ಲಾಸಿನ ಟೀಚರಿಗೆ ಮಕ್ಕಳನ್ನು ಒಪ್ಪಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಆಚೆ ಬಂದೆ. ಪೇಟೆಯ ಕಡೆ ಹೋಗುವ ಪಾಂಡವಪುರದ ಬಸ್ಸು ಆಗತಾನೇ ಸ್ಟಾಪಿನಿಂದ ಹೊರಡುತ್ತಿತ್ತು. ನನಗೆ ಯಾವ ಡಾಕ್ಟರೂ ಓಡಬೇಡ ಎಂದಿಲ್ಲ. ಸೀರೆ ಎತ್ತಿ ಹಿಡಿದು ಓಡಿದೆ.